ತಪಾಸಣೆಯ ಕಮಾನಿನಡಿ ಇನ್ಸುಲಿನ್

ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯು ಪ್ರಯಾಣಿಕರ ಮೈಮೇಲೂ ಕೈಚೀಲದಲ್ಲೂ ಇರಬಾರದ ವಸ್ತುಗಳನ್ನು ಹುಡುಕಲೆಂದು ರೂಪುಗೊಂಡ ವ್ಯವಸ್ಥೆಯಾಗಿದ್ದು, ಇನ್ಸುಲಿನ್ ಅವಲಂಬಿಸಿರುವ ಮಧುಮೇಹಿಯ ದಿನಚರಿ ನಡೆಯುವುದು ಬಹುಮಟ್ಟಿಗೆ ಆ ವಸ್ತುಗಳನ್ನೇ ಹೋಲುವ ಸಾಮಗ್ರಿಗಳಿಂದ. ಸೂಜಿ, ದ್ರವ ತುಂಬಿದ ಸಣ್ಣ ಸೀಸೆ, ಬ್ಯಾಟರಿ, ತೋಳಿಗೆ ಅಂಟಿದ ಪ್ಲಾಸ್ಟಿಕ್ ಬಿಲ್ಲೆ, ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆಯಿಂದ ಹೊಟ್ಟೆಯ ಚರ್ಮದೊಳಕ್ಕೆ ಇಳಿದ ತೆಳು ನಳಿಕೆ, ಜೇಬಿನಲ್ಲಿ ಬಿಳಿ ಪುಡಿಯ ಪೊಟ್ಟಣ, ಇವೆಲ್ಲ ಒಬ್ಬರ ಬಳಿಯೇ ಒಟ್ಟಿಗೆ ಕಂಡಾಗ ತಪಾಸಣಾ ಸಿಬ್ಬಂದಿ ಅನುಮಾನಪಟ್ಟರೆ ಅವರನ್ನು ದೂರುವಂತಿಲ್ಲ. ಅವರಿಗೆ ಕೊಟ್ಟ ತರಬೇತಿಯೇ ಅಂಥದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇವರಲ್ಲಿ ಹೆಚ್ಚಿನವರು ಮಾತ್ರೆಗಳಲ್ಲೇ ನಿಭಾಯಿಸುವವರಾದ್ದರಿಂದ ತಪಾಸಣೆಯಲ್ಲಿ ಅವರಿಗೆ ವಿಶೇಷ ತೊಡಕಿಲ್ಲ. ಆದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪಾದನೆಯೇ ನಿಂತುಹೋದ ಒಂದನೇ ವಿಧದ ಮಧುಮೇಹಿಗಳಿಗೆ, ಹಾಗೂ ಇನ್ಸುಲಿನ್ ಹಂತಕ್ಕೆ ಬಂದಿರುವ ಎರಡನೇ ವಿಧದವರಿಗೆ, ಚೀಲದಲ್ಲಿರುವ ಪ್ರತಿಯೊಂದು ವಸ್ತುವೂ ಜೊತೆಗಿರಲೇಬೇಕು.

ಈ ತಪಾಸಣೆಯ ಒಂದೊಂದು ಹಂತದ ಹಿಂದೆಯೂ ಒಂದೊಂದು ದುರಂತವೋ ದುರಂತದ ಸಂಚೋ ಇದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಕರಾವಳಿಯಾಚೆ ಆಕಾಶದಲ್ಲೇ ಸ್ಫೋಟಗೊಂಡು 329 ಜನ ಸತ್ತ ಬಳಿಕ, ಭಾರತದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಅಪಹರಣಕ್ಕೊಳಗಾಗಿ ಕಂದಹಾರ್ ಸೇರಿದ ಮೇಲೆ, ನಿಲ್ದಾಣಗಳ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್ಎಫ್‌ಗೆ, 2000ರಿಂದ ಹಂತಹಂತವಾಗಿ ವರ್ಗವಾಯಿತು. 2001ರ ಡಿಸೆಂಬರಿನಲ್ಲಿ ಪ್ರಯಾಣಿಕನೊಬ್ಬ ಬೂಟಿನಲ್ಲಿ ಸ್ಫೋಟಕ ಅಡಗಿಸಿ ತಂದದ್ದರಿಂದ ಬೂಟು ಕಳಚುವ ಪದ್ಧತಿ ಬಂತು; 2009ರ ಕ್ರಿಸ್ಮಸ್ ದಿನ ಮತ್ತೊಬ್ಬ ಒಳಉಡುಪಿನಲ್ಲಿ ಅದನ್ನೇ ತಂದದ್ದರಿಂದ ಅಮೆರಿಕದ ನಿಲ್ದಾಣಗಳಲ್ಲಿ ಇಡೀ ದೇಹವನ್ನು ಶೋಧಿಸುವ ಸ್ಕ್ಯಾನರುಗಳು ತರಾತುರಿಯಲ್ಲಿ ಬಂದು ಕೂತವು. ಹೀಗೆ ಪದರದ ಮೇಲೆ ಪದರವಾಗಿ ಬೆಳೆದ ವ್ಯವಸ್ಥೆಯಲ್ಲಿ ರೋಗಿಗಳ ಉಪಕರಣಗಳಿಗೆ ಸಿಕ್ಕ ಸ್ಥಾನ ಪ್ರತಿ ಸಲವೂ ನಿಯಮ ಬರೆದಾದ ಮೇಲೆ ಸೇರಿಸಿದ ವಿನಾಯಿತಿಯ ಸಾಲಿನಲ್ಲಿಯೇ.

ಮಧುಮೇಹಿಗಳಿಗೆ ಅತಿ ಹತ್ತಿರವಾಗಿ ತಗಲಿದ್ದು 2006ರ ಆಗಸ್ಟಿನ ಘಟನೆ. ಲಂಡನ್ನಿನಿಂದ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ಸಾಂದ್ರ ಹೈಡ್ರೋಜನ್ ಪೆರಾಕ್ಸೈಡ್ ಆಧರಿಸಿದ ಸ್ಫೋಟಕವನ್ನು ಸಾಗಿಸುವ ಸಂಚು ಬಯಲಾದ ಮೇಲೆ, 100 ಮಿಲಿಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿ ದ್ರವ ಒಯ್ಯಬಾರದೆಂಬ ನಿಯಮ ಜಗತ್ತಿನ ಹೆಚ್ಚಿನ ನಿಲ್ದಾಣಗಳಲ್ಲಿ ಜಾರಿಗೆ ಬಂತು. ಔಷಧ, ಮಗುವಿನ ಹಾಲು ಮತ್ತು ವೈದ್ಯಕೀಯವಾಗಿ ಅಗತ್ಯವಾದ ಆಹಾರಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಇನ್ಸುಲಿನ್ ಸೀಸೆಯಾದರೋ 10 ಮಿಲಿಲೀಟರಿನದು, ಪೆನ್ನಿನ ಕೊಳವೆ 3 ಮಿಲಿಲೀಟರಿನದು, ಹಾಗಾಗಿ ಅವಕ್ಕೆ ವಿನಾಯಿತಿಯ ಅಗತ್ಯವೇ ಬರುವುದು ಅಪರೂಪ. ಪ್ರಶ್ನೆ ಏಳುವುದು ಸಕ್ಕರೆ ಇಳಿದಾಗ ಕುಡಿಯಲೆಂದು ಇಟ್ಟುಕೊಂಡ 200 ಮಿಲಿಲೀಟರಿನ ಹಣ್ಣಿನ ರಸದ ಪೊಟ್ಟಣಕ್ಕೆ ಮತ್ತು ಇನ್ಸುಲಿನ್ನನ್ನು ತಂಪಾಗಿಡುವ ಜೆಲ್ ಚೀಲಕ್ಕೆ. ಇವೂ ವೈದ್ಯಕೀಯ ಅಗತ್ಯದ ವ್ಯಾಪ್ತಿಯಲ್ಲೇ ಬರುತ್ತವಾದರೂ, ತಪಾಸಣೆಗೆ ಮೊದಲೇ ಚೀಲದಿಂದ ಹೊರತೆಗೆದು ಇಂಥದ್ದೆಂದು ಹೇಳಿ ತೋರಿಸಿದರೆ ಮಾತ್ರ ಸಲೀಸಾಗಿ ದಾಟುತ್ತವೆ.

ವಿಪರ್ಯಾಸವೆಂದರೆ, ಲೋಕದ ಕೈಚೀಲಗಳನ್ನೆಲ್ಲ ಬಿಚ್ಚಿಸಿದ ಆ ಹೈಡ್ರೋಜನ್ ಪೆರಾಕ್ಸೈಡ್ ಅನೇಕ ಮಧುಮೇಹಿಗಳ ಚರ್ಮದಡಿಯಲ್ಲಿ ಕ್ಷಣಕ್ಷಣವೂ ತಯಾರಾಗುತ್ತಿರುತ್ತದೆ. ರಕ್ತದ ಸಕ್ಕರೆಯನ್ನು ಬೆರಳು ಚುಚ್ಚದೆ ಹಗಲಿರುಳೂ ಅಳೆಯುವ ಉಪಕರಣವನ್ನು ನಿರಂತರ ಗ್ಲೂಕೋಸ್ ಮಾಪಕ, ಸಂಕ್ಷೇಪವಾಗಿ ಸಿಜಿಎಂ ಎನ್ನುತ್ತಾರೆ. ಕೂದಲಿನಷ್ಟು ತೆಳುವಾದ ಒಂದು ಎಳೆ ಚರ್ಮದ ಕೆಳಗೆ, ಜೀವಕೋಶಗಳ ನಡುವಿನ ದ್ರವದಲ್ಲಿ ಅದ್ದಿಕೊಂಡಿರುತ್ತದೆ. ಅದರ ಮೇಲೆ ಲೇಪಿಸಿದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಆಮ್ಲಜನಕದೊಡನೆ ಬೆರೆಸಿ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಮತ್ತು ಅದು ಪ್ಲಾಟಿನಂ ವಿದ್ಯುದಗ್ರದಲ್ಲಿ ವಿಭಜನೆಯಾಗುತ್ತಾ ಒಂದು ಅತಿಕ್ಷೀಣ ವಿದ್ಯುತ್ ಪ್ರವಾಹವನ್ನು ಬಿಟ್ಟುಕೊಡುತ್ತದೆ. 1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಮುಂದಿಟ್ಟ ಕಿಣ್ವ ವಿದ್ಯುದಗ್ರದ ಕಲ್ಪನೆಯೇ ಇದರ ಮೂಲ. ಕೆಲವು ಕಂಪನಿಗಳು ಪೆರಾಕ್ಸೈಡಿಗೆ ಬದಲಾಗಿ ಬೇರೊಂದು ಮಧ್ಯವರ್ತಿ ಅಣುವನ್ನು ಬಳಸುತ್ತವೆಯಾದರೂ, ಅಳೆಯುವುದು ಅಲ್ಲಿಯೂ ಪ್ರವಾಹವನ್ನೇ. ಅದರ ಪ್ರಮಾಣ ನ್ಯಾನೋಆಂಪಿಯರುಗಳಲ್ಲಿ, ಅಂದರೆ ಒಂದು ಆಂಪಿಯರಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಇರುತ್ತದೆ ಎಂಬುದನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಸ್ಕ್ಯಾನರುಗಳ ಚರ್ಚೆಯೆಲ್ಲ ನಿಂತಿರುವುದು ಇಷ್ಟು ಸೂಕ್ಷ್ಮವಾದ ಸಂಕೇತಕ್ಕೆ ಹೊರಗಿನಿಂದ ಏನಾದರೂ ಧಕ್ಕೆಯಾದೀತೇ ಎಂಬ ಪ್ರಶ್ನೆಯ ಮೇಲೆ.

ಮೊದಲು ಚೀಲ ಹಾದುಹೋಗುವ ಯಂತ್ರವನ್ನು ನೋಡಬಹುದು. ಕ್ಷ-ಕಿರಣ ಯಂತ್ರವು ಎರಡು ಬೇರೆಬೇರೆ ಶಕ್ತಿಮಟ್ಟಗಳಲ್ಲಿ ವಸ್ತುಗಳನ್ನು ಹಾಯ್ದು ಬಂದ ಕಿರಣಗಳನ್ನು ಹೋಲಿಸಿ, ಆ ವಸ್ತು ಹಗುರ ಪರಮಾಣುಗಳಿಂದಾದದ್ದೋ ಭಾರದವುಗಳಿಂದಾದದ್ದೋ ಎಂದು ಅಂದಾಜಿಸಿ ಪರದೆಯ ಮೇಲೆ ಬಣ್ಣ ಹಚ್ಚುತ್ತದೆ. ಇಂಗಾಲ, ಜಲಜನಕಗಳಂಥ ಹಗುರ ಧಾತುಗಳ ಸಾವಯವ ವಸ್ತುಗಳು ಕಿತ್ತಳೆಯಾಗಿಯೂ ಲೋಹಗಳು ನೀಲಿಯಾಗಿಯೂ ನಡುವಿನವು ಹಸಿರಾಗಿಯೂ ಕಾಣಿಸುತ್ತವೆ. ಚಪಾತಿಯ ಡಬ್ಬಿ, ಗ್ಲೂಕೋಸ್ ಪುಡಿ, ಇನ್ಸುಲಿನ್ ದ್ರವ ಮತ್ತು ಬಹುತೇಕ ಸ್ಫೋಟಕಗಳು ಒಂದೇ ಕಿತ್ತಳೆಯ ಛಾಯೆಗಳು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಪೆಟ್ಟಿಗೆಯ, ಅಂದರೆ ಇನ್ಸುಲಿನ್ ಪಂಪಿನ, ಒಳಗೆ ಈ ಕಿತ್ತಳೆಯ ಪಕ್ಕದಲ್ಲೇ ಬ್ಯಾಟರಿ, ತಂತಿ ಮತ್ತು ಪುಟ್ಟ ಮೋಟಾರು ನೀಲಿ, ಹಸಿರುಗಳಲ್ಲಿ ಮೂಡುವುದರಿಂದ, ತಪಾಸಕರು ಯಾವ ಜೋಡಣೆಯನ್ನು ಕಂಡಕೂಡಲೇ ಬೆಲ್ಟನ್ನು ನಿಲ್ಲಿಸಬೇಕೆಂದು ಕಲಿತಿರುತ್ತಾರೋ ಸರಿಸುಮಾರು ಅದೇ ಚಿತ್ರ ಪರದೆಯ ಮೇಲೆ ಬಂದಿರುತ್ತದೆ. ಹೊಸ ಪೀಳಿಗೆಯ ಸಿಟಿ ಯಂತ್ರಗಳು ಚೀಲದ ಸುತ್ತ ತಿರುಗಿ ಮೂರು ಆಯಾಮದ ಚಿತ್ರ ಕಟ್ಟುವುದರಿಂದ ದ್ರವವನ್ನು ಹೊರತೆಗೆಯುವ ಗೋಜು ಕಡಿಮೆಯಾಗುತ್ತದೆ ಎಂಬ ನಿರೀಕ್ಷೆಯಿತ್ತು. ಆದರೂ ಯುರೋಪಿನ ಒಕ್ಕೂಟ 2024ರ ಸೆಪ್ಟೆಂಬರ್ 1ರಿಂದ ಅಂಥ ಯಂತ್ರಗಳಿದ್ದ ನಿಲ್ದಾಣಗಳಲ್ಲೂ 100 ಮಿಲಿಲೀಟರಿನ ಮಿತಿಯನ್ನು ಮತ್ತೆ ಹೇರಿದ್ದನ್ನು ನೋಡಿದರೆ, ಒಂದು ದೇಶದ ಅನುಭವವನ್ನು ನಂಬಿ ಇನ್ನೊಂದು ದೇಶದಲ್ಲಿ ಚೀಲ ಕಟ್ಟುವುದು ಸರಿಯಲ್ಲವೆನಿಸುತ್ತದೆ.

ಕ್ಷ-ಕಿರಣದಿಂದ ಇನ್ಸುಲಿನ್ ಕೆಡುವುದೇ? ಇದಕ್ಕೆ ಉತ್ತರ ಬಹುಮಟ್ಟಿಗೆ ನಿಶ್ಚಿತ. ಇನ್ಸುಲಿನ್ 51 ಅಮೈನೋ ಆಮ್ಲಗಳ ಎರಡು ಸರಪಳಿಗಳಿಂದಾದ ಸಣ್ಣ ಪ್ರೋಟೀನು. ಅದನ್ನು ಹಾಳುಗೆಡವಬಲ್ಲ ವಿಕಿರಣದ ಪ್ರಮಾಣಕ್ಕೂ ಚೀಲ ಒಮ್ಮೆ ಹಾದುಹೋದಾಗ ತಗಲುವ ಪ್ರಮಾಣಕ್ಕೂ ಅಜಗಜಾಂತರವಿದೆ. ಹಳೆಯ ಮಾದರಿಯ ಯಂತ್ರಗಳಲ್ಲಿ ಒಂದು ಸಲಕ್ಕೆ ವಸ್ತು ಹೀರಿಕೊಳ್ಳುವ ವಿಕಿರಣ ಸಾಮಾನ್ಯವಾಗಿ 10 ಮೈಕ್ರೋಗ್ರೇ ದಾಟುವುದಿಲ್ಲ. ಗ್ರೇ ಎಂಬುದು ವಸ್ತುವೊಂದು ಹೀರಿಕೊಂಡ ವಿಕಿರಣ ಶಕ್ತಿಯ ಅಳತೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾರು ತಾಸಿಗೂ ಮೀರಿದ ನೇರ ಹಾರಾಟದಲ್ಲಿ, ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳಿಂದ ಪ್ರಯಾಣಿಕರಿಗೂ ಅವರ ಚೀಲಕ್ಕೂ ತಗಲುವುದು ಅದಕ್ಕಿಂತ ಎಷ್ಟೋ ಹೆಚ್ಚು. ಸಿಟಿ ಯಂತ್ರದಲ್ಲಿ ಪ್ರಮಾಣ ಏರುತ್ತದೆ ನಿಜ, ಛಾಯಾಗ್ರಹಣದ ಫಿಲ್ಮನ್ನು ಅದರಲ್ಲಿ ಹಾಯಿಸಬಾರದೆಂದು ಫಿಲ್ಮ್ ತಯಾರಕರೇ ಎಚ್ಚರಿಸುತ್ತಾರೆ. ಆದರೆ ಫಿಲ್ಮು ವಿಕಿರಣಕ್ಕೆ ಸ್ಪಂದಿಸಲೆಂದೇ ತಯಾರಾದ ವಸ್ತು, ಇನ್ಸುಲಿನ್ ಹಾಗಲ್ಲ. ಸೀಸೆ, ಪೆನ್ನು, ಸೂಜಿ, ಗ್ಲೂಕೋಮೀಟರಿನ ಪಟ್ಟಿಗಳನ್ನು ಬೆಲ್ಟಿನ ಮೇಲಿಡಲು ಹಿಂಜರಿಯಬೇಕಿಲ್ಲ.

ಪಂಪು ಮತ್ತು ಸಿಜಿಎಂಗಳ ವಿಷಯಕ್ಕೆ ಬಂದರೆ ಈ ನಿಶ್ಚಿತತೆ ಉಳಿಯುವುದಿಲ್ಲ. ತಯಾರಕರ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಮೊದಲು ಕಾಣುವುದು ಅವುಗಳ ಭಿನ್ನಮತ. ಆಮ್ನಿಪಾಡ್ ಎಂಬ ನಳಿಕೆಯಿಲ್ಲದ ಪಂಪಿನ ತಯಾರಕರು ಅದು ಕ್ಷ-ಕಿರಣ ಯಂತ್ರವನ್ನು ನಿರಾತಂಕವಾಗಿ ಹಾಯಬಹುದೆನ್ನುತ್ತಾರೆ. ಮೆಡ್‌ಟ್ರಾನಿಕ್ ಮತ್ತು ಟ್ಯಾಂಡೆಮ್ ಕಂಪನಿಗಳು ತಮ್ಮ ಪಂಪುಗಳನ್ನು ಅದರೊಳಗೆ ಕಳಿಸಲೇಬಾರದೆನ್ನುತ್ತವೆ. ಡೆಕ್ಸ್‌ಕಾಮ್ ಜಿ6 ಮಾಪಕದ ಸೂಚನೆಯೂ ಬಿಡಿಭಾಗಗಳನ್ನು ಬೆಲ್ಟಿನ ಮೇಲಿಡದೆ ಕೈಯಲ್ಲೇ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದೇ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ, ತೋಳಿಗೆ ಅಂಟಿಸುವ ಲಿಬ್ರೆ ಸಂವೇದಕದ ಹಿಂದಿನ ಮಾದರಿಗಳ ಕೈಪಿಡಿಯಲ್ಲಿ, ದೇಹ ಸ್ಕ್ಯಾನರುಗಳ ಪರಿಣಾಮವನ್ನು ಪರಿಶೀಲಿಸಿಲ್ಲವಾದ್ದರಿಂದ ಅವಕ್ಕೆ ಒಡ್ಡಬಾರದೆಂದು ನೇರವಾಗಿಯೇ ಬರೆದಿತ್ತು. ಈ ಕೊನೆಯ ಮಾತಿನಲ್ಲಿ ಇಡೀ ಸಮಸ್ಯೆಯ ಗಂಟಿದೆ. ಕೈಪಿಡಿಗಳ ನಿಷೇಧಗಳಲ್ಲಿ ಬಹುಪಾಲು, ಹಾನಿಯಾದದ್ದನ್ನು ಕಂಡು ಬರೆದವಲ್ಲ. ಹಾನಿಯಾಗುವುದಿಲ್ಲವೆಂದು ಪ್ರಮಾಣೀಕರಿಸುವಷ್ಟು ಪರೀಕ್ಷೆ ನಡೆಸಿಲ್ಲವಾದ್ದರಿಂದ ಬರೆದವು. ಯಂತ್ರಗಳ ಮಾದರಿಗಳು ಹತ್ತಾರು, ಅವುಗಳ ನಿಖರ ವಿವರಗಳನ್ನು ಭದ್ರತೆಯ ಕಾರಣಕ್ಕೆ ಬಹಿರಂಗಪಡಿಸುವುದಿಲ್ಲ, ಒಂದೊಂದರಲ್ಲೂ ಒಂದೊಂದು ಉಪಕರಣವನ್ನು ಪರೀಕ್ಷಿಸುವ ಖರ್ಚನ್ನು ಹೊರಲು ಯಾವ ಕಂಪನಿಗೂ ಆತುರವಿಲ್ಲ. ಬೇಡವೆಂದು ಬರೆದುಬಿಟ್ಟರೆ ಹೊಣೆ ಪ್ರಯಾಣಿಕರ ತಲೆಗೆ ದಾಟುತ್ತದೆ.

ಹಾಗೆಂದು ಆ ಸೂಚನೆಗಳನ್ನು ಗಾಳಿಗೆ ತೂರಬಹುದೆಂದಲ್ಲ. ಒಟ್ಟು ಪ್ರಮಾಣದ ಲೆಕ್ಕದಲ್ಲಿ ಕಾಸ್ಮಿಕ್ ಕಿರಣ ಹೆಚ್ಚಾದರೂ ಅದು ತಾಸುಗಟ್ಟಲೆ ಹರಡಿ ಬರುವಂಥದು, ಕ್ಷ-ಕಿರಣವೋ ಕೆಲವೇ ಕ್ಷಣಗಳಲ್ಲಿ ಒಟ್ಟಾಗಿ ಬೀಳುವಂಥದು. ಅರೆವಾಹಕಗಳ ಸಣ್ಣ ಮಂಡಲದಲ್ಲಿ ಎರಡರ ಪರಿಣಾಮ ಒಂದೇ ಆಗಿರಬೇಕೆಂದಿಲ್ಲ. ಮೊಬೈಲ್ ಫೋನು ಇದೇ ಬೆಲ್ಟಿನ ಮೇಲೆ ದಿನವೂ ಕೋಟಿಗಟ್ಟಲೆ ಸಲ ಹಾದು ಸುಖವಾಗಿರುವುದನ್ನು ತೋರಿಸಿ ಪಂಪಿಗೂ ಅದೇ ನ್ಯಾಯ ಅನ್ವಯಿಸುವವರಿದ್ದಾರೆ, ಭೌತಶಾಸ್ತ್ರದ ದೃಷ್ಟಿಯಿಂದ ಆ ವಾದದಲ್ಲಿ ಹುರುಳೂ ಇದೆ. ಆದರೆ ಫೋನು ಒಮ್ಮೆ ತಪ್ಪಾಗಿ ನಡೆದುಕೊಂಡರೆ ಕರೆಯೊಂದು ತಪ್ಪೀತು, ಪಂಪು ತಪ್ಪಾಗಿ ನಡೆದುಕೊಂಡರೆ ಇನ್ಸುಲಿನ್ನಿನ ಪ್ರಮಾಣವೇ ತಪ್ಪುತ್ತದೆ. ಕೈಪಿಡಿಯ ಮಾತನ್ನು ಮೀರಿ ಹಾಳಾದ ಪಂಪಿಗೆ ವಾರಂಟಿಯೂ ಸಿಗಲಾರದು. ಆದ್ದರಿಂದ ತಮ್ಮ ಮಾದರಿಯ ಕೈಪಿಡಿಯ ಈಚಿನ ಆವೃತ್ತಿಯಲ್ಲಿ ಏನಿದೆಯೋ ಅದನ್ನು ಪಾಲಿಸುವುದೇ ಸದ್ಯಕ್ಕೆ ವಿವೇಕ.

ಲೋಹಶೋಧಕ ಕಮಾನಿನ ಬಗ್ಗೆ ಮಾತ್ರ ತಯಾರಕರೆಲ್ಲ ಒಮ್ಮತದಿಂದಿದ್ದಾರೆ. ಈ ಕಮಾನಿನ ಎರಡೂ ಬದಿಗಳಲ್ಲಿ ಅಡಗಿರುವ ಸುರುಳಿಗಳು ಕಡಿಮೆ ಆವರ್ತನದ ದುರ್ಬಲ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತಿರುತ್ತವೆ. ಲೋಹವೊಂದು ಅದರಲ್ಲಿ ಹಾಯ್ದಾಗ ಅದರೊಳಗೆ ಸುಳಿಪ್ರವಾಹಗಳೆಂಬ ಕ್ಷಣಿಕ ವಿದ್ಯುತ್ ಪ್ರವಾಹಗಳು ಏಳುತ್ತವೆ, ಅವು ಹುಟ್ಟಿಸುವ ಪ್ರತಿಕ್ಷೇತ್ರವನ್ನು ಗುರುತಿಸಿ ಯಂತ್ರ ಸದ್ದು ಮಾಡುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕೇ ಬರದಷ್ಟು. ಎಂಆರ್‌ಐ ಕೋಣೆಯೊಳಗೆ ಪಂಪು ಧರಿಸಿ ಹೋಗಬಾರದೆಂಬ ಎಚ್ಚರಿಕೆಗೆ ಪಂಪಿನ ಮೋಟಾರಿನ ಕಾರಣದಿಂದ ಗಟ್ಟಿ ಆಧಾರವಿದೆ, ಕಮಾನಿಗೆ ಅಂಥ ಭಯವಿಲ್ಲ. ಸಿಬ್ಬಂದಿಯ ಕೈಯಲ್ಲಿರುವ ದಂಡದ ಕೆಲಸವೂ ಇದೇ ತತ್ತ್ವದ್ದು.

ಉಳಿದದ್ದು ದೇಹ ಸ್ಕ್ಯಾನರು. ಇದರಲ್ಲಿ ಎರಡು ಜಾತಿಗಳಿದ್ದವು. ಮೊದಲನೆಯದು ಕ್ಷ-ಕಿರಣವನ್ನು ಮೈಮೇಲೆ ಹಾಯಿಸಿ ಹಿಂದಕ್ಕೆ ಚೆದುರಿದ ಭಾಗವನ್ನು ಹಿಡಿಯುವಂಥದು. ವಿಕಿರಣದ ಆತಂಕ ಮತ್ತು ಬಟ್ಟೆಯೊಳಗಿನ ಆಕಾರ ಪರದೆಯ ಮೇಲೆ ಬಯಲಾಗುವ ಮುಜುಗರ ಎರಡೂ ಸೇರಿ ಅದರ ಕಾಲ ಮುಗಿಯಿತು, ಯುರೋಪು 2011ರಲ್ಲಿ ಅದನ್ನು ಹೊರಗಿಟ್ಟಿತು, ಅಮೆರಿಕದ ನಿಲ್ದಾಣಗಳಿಂದ 2013ರ ಹೊತ್ತಿಗೆ ಅದು ಮರೆಯಾಯಿತು. ಈಗ ಉಳಿದಿರುವುದು ಮಿಲಿಮೀಟರ್ ತರಂಗದ ಸ್ಕ್ಯಾನರು, ಹೆಸರು ಹಾಗಿದ್ದರೂ ಅಮೆರಿಕದಲ್ಲಿ ವ್ಯಾಪಕವಾಗಿರುವ ಮಾದರಿ ಬಳಸುವುದು 24ರಿಂದ 30 ಗಿಗಾಹರ್ಟ್ಸ್‌ನ, ಅಂದರೆ ಒಂದು ಸೆಂಟಿಮೀಟರಿನ ಆಸುಪಾಸಿನ ಉದ್ದದ ರೇಡಿಯೋ ಅಲೆಗಳನ್ನು. ಇವು ಬಟ್ಟೆಯನ್ನು ತೂರಿ ಚರ್ಮದಿಂದ ಮರಳುತ್ತವೆ, ಒಳಕ್ಕೆ ಇಳಿಯುವುದಿಲ್ಲ. ಮರಳಿದ ಅಲೆಗಳನ್ನು ಗಣಕವು ಜೋಡಿಸಿ ಅಸಹಜವಾದ ಉಬ್ಬು ಕಂಡ ಜಾಗಕ್ಕೆ ಒಂದು ಬೊಂಬೆಚಿತ್ರದ ಮೇಲೆ ಹಳದಿ ಚೌಕ ಇಡುತ್ತದೆ. 35 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಲಿಬ್ರೆ ಬಿಲ್ಲೆಯಿದ್ದರೆ ಬೊಂಬೆಯ ತೋಳಿನ ಹಿಂಬದಿಯಲ್ಲಿ ಆ ಚೌಕ ಮೂಡುತ್ತದೆ, ಸಿಬ್ಬಂದಿ ಅಲ್ಲಿಯೇ ಮುಟ್ಟಿ ನೋಡಲು ಬರುತ್ತಾರೆ. ಅದೇ ಆವರ್ತನದ ಆಸುಪಾಸಿನ 26 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು 2022ರಲ್ಲಿ ಭಾರತ ಸರಕಾರ 5ಜಿ ಸೇವೆಗಾಗಿ ಹರಾಜು ಹಾಕಿತು, ಮತ್ತು ಸ್ಕ್ಯಾನರು ಹೊಮ್ಮಿಸುವ ಶಕ್ತಿ ಮೊಬೈಲ್ ಫೋನಿನದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಎಂದು ಅಮೆರಿಕದ ಸಾರಿಗೆ ಭದ್ರತಾ ಆಡಳಿತ ಹೇಳುತ್ತದೆ. ಫೋನನ್ನೇ ಗ್ಲೂಕೋಸಿನ ಪರದೆಯಾಗಿ ಬಳಸುವ ಕಾಲದಲ್ಲಿ ಸ್ಕ್ಯಾನರಿನಿಂದ ಸಂವೇದಕ ಕೆಡುತ್ತದೆಂಬ ಆತಂಕ ಭೌತಿಕವಾಗಿ ಬಲವಾದುದಲ್ಲ ಎಂದೇ ಹೇಳಬೇಕಾಗುತ್ತದೆ. ಆದರೂ ಸಂವೇದಕದ ಕೆಲಸ ನ್ಯಾನೋಆಂಪಿಯರಿನ ಲೆಕ್ಕದ್ದು, ಅದರ ತಂತಿಯೇ ಅಲೆಯನ್ನು ಹಿಡಿಯುವ ಆಂಟೆನಾ ಆಗಬಲ್ಲದು. ಪ್ರಯೋಗದಲ್ಲಿ ನೋಡದೆ ಇಂಥ ಸಂದರ್ಭದಲ್ಲಿ ತೀರ್ಪು ಕೊಡುವುದು ಊಹೆಯಷ್ಟೇ ಆಗುತ್ತದೆ.

ಕಳಚಿಟ್ಟು ಹೋಗುವುದು ಪರಿಹಾರವೆನಿಸಬಹುದು. ನಳಿಕೆಯ ಪಂಪನ್ನು ಕೆಲವು ನಿಮಿಷ ಬಿಚ್ಚಿಟ್ಟರೆ ತೊಂದರೆಯಿಲ್ಲ, ಆದರೆ ಬಿಚ್ಚಿದ ಪಂಪು ಟ್ರೇಯಲ್ಲಿ ಕೂತು ನೇರ ಕ್ಷ-ಕಿರಣದ ಗೂಡಿಗೆ ಸಾಗುವ ಅಪಾಯವಿದೆ, ಅದನ್ನು ಕೈಯಲ್ಲೇ ಕೊಟ್ಟು ನೋಡಿಸಬೇಕು. ಸಂವೇದಕವನ್ನಂತೂ ಒಮ್ಮೆ ಕಿತ್ತರೆ ಮತ್ತೆ ಅಂಟಿಸಲಾಗದು. ಎರಡು ವಾರ ಬರಬೇಕಾದ, ಸಾವಿರಾರು ರೂಪಾಯಿಯ ವಸ್ತು ಕಸದ ಬುಟ್ಟಿಗೆ ಹೋಗುತ್ತದೆ. ಹೀಗಾಗಿ ಯಂತ್ರ ಬೇಡವೆನ್ನುವ ಕೈಪಿಡಿಗಳು ಕೊನೆಗೆ ಸೂಚಿಸುವ ದಾರಿ ಒಂದೇ: ಲೋಹಶೋಧಕ, ಕೈದಂಡ, ಮೈ ತಡವಿ ನೋಡುವುದು. ಭಾರತದ ನಿಲ್ದಾಣಗಳಲ್ಲಿ ಎಲ್ಲ ಪ್ರಯಾಣಿಕರೂ ಕಮಾನು ಹಾಯ್ದು, ಪುಟ್ಟ ಮೆಟ್ಟಿಲಿನ ಮೇಲೆ ಕೈ ಚಾಚಿ ನಿಂತು, ಹೆಂಗಸರಾದರೆ ಪರದೆಯ ಮರೆಯಲ್ಲಿ, ದಂಡದಿಂದ ತಪಾಸಣೆ ಮಾಡಿಸಿಕೊಳ್ಳುತ್ತಾ ಬಂದಿರುವುದು ಇದೇ ಕ್ರಮವೇ. ಸರತಿ ನಿಧಾನವೆಂದು ಎಲ್ಲರೂ ಗೊಣಗುವ ಈ ಹಳೆಯ ಪದ್ಧತಿ ಮಧುಮೇಹಿಗಳ ಪಾಲಿಗೆ, ಯಾರೂ ಉದ್ದೇಶಿಸದೆಯೇ, ಅತ್ಯಂತ ಅನುಕೂಲಕರವಾಗಿದೆ. 2019ರಲ್ಲಿ ಭದ್ರತಾ ಬ್ಯೂರೋ ದೇಹ ಸ್ಕ್ಯಾನರುಗಳನ್ನು ತರಲು ಸೂಚಿಸಿದ ಮೇಲೆ ಇದು ಬದಲಾಗುವ ದಿನ ಹತ್ತಿರವಾಗುತ್ತಿದೆ. ಬದಲಾದಾಗ ಬೇರೆ ದೇಶಗಳಲ್ಲಿರುವಂತೆ ಸ್ಕ್ಯಾನರಿಗೆ ಬದಲಾಗಿ ಕೈ ತಪಾಸಣೆ ಕೇಳುವ ಹಕ್ಕು ಇಲ್ಲಿಯೂ ಲಿಖಿತವಾಗಿ ಇರಬೇಕಾದ್ದು ಅಗತ್ಯ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಇದಕ್ಕೆಂದೇ ವೈದ್ಯಕೀಯ ಉಪಕರಣದ ಚೀಟಿಯೊಂದನ್ನು ರೂಪಿಸಿದೆ, ಅದರ ಒಂದು ಬದಿ ಪ್ರಯಾಣಿಕರಿಗೆ, ಇನ್ನೊಂದು ಬದಿ ಸಿಬ್ಬಂದಿಗೆ. ಅಮೆರಿಕದಲ್ಲಿ ಹಾರಾಟಕ್ಕೆ 72 ತಾಸು ಮೊದಲು ಕರೆ ಮಾಡಿ ನೆರವು ಕೇಳುವ ಸೌಲಭ್ಯವಿದೆ.

ಕೈ ತಪಾಸಣೆಯಲ್ಲಿ ಪಂಪನ್ನು ಪ್ರಯಾಣಿಕರೇ ತಮ್ಮ ಬೆರಳುಗಳಿಂದ ಸವರಿದ ಮೇಲೆ, ಆ ಬೆರಳುಗಳನ್ನು ಬಟ್ಟೆಯ ಸಣ್ಣ ತುಂಡಿನಿಂದ ಒರೆಸಿ ಪಕ್ಕದ ಯಂತ್ರಕ್ಕೆ ತೂರಿಸುವುದು ವಾಡಿಕೆ. ಆ ಯಂತ್ರ ತುಂಡನ್ನು ಕಾಯಿಸಿ, ಹೊಮ್ಮಿದ ಆವಿಗೆ ವಿದ್ಯುದಾವೇಶ ಕೊಟ್ಟು, ಅಯಾನುಗಳು ಒಂದು ಕೊಳವೆಯಲ್ಲಿ ಎಷ್ಟು ವೇಗವಾಗಿ ಸರಿಯುತ್ತವೆ ಎಂಬುದರಿಂದ ಸ್ಫೋಟಕದ ಕಣಗಳಿವೆಯೇ ಎಂದು ತಿಳಿಯುತ್ತದೆ. ಗ್ಲಿಸರಿನ್ ಇರುವ ಕೈ ಲೇಪಗಳು ಒಮ್ಮೊಮ್ಮೆ ಇದನ್ನು ದಾರಿತಪ್ಪಿಸುತ್ತವೆಂಬ ಮಾತಿದೆ. ಹೊರಡುವ ಬೆಳಗ್ಗೆ ಕ್ರೀಮು ಹಚ್ಚದಿರುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಸರತಿಯಲ್ಲಿ ನಿಂತಿರುವಾಗಲೇ ಸಕ್ಕರೆ ಇಳಿಯುವ ಸಂಭವವನ್ನು ತಪಾಸಣೆಯ ನಿಯಮಾವಳಿಗಳು ಹೆಚ್ಚು ಗಮನಿಸುವುದಿಲ್ಲ. ರಕ್ತದ ಗ್ಲೂಕೋಸು ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಮಾತಿನಲ್ಲಿ ತೊದಲು ಕಾಣಿಸಿಕೊಳ್ಳುತ್ತವೆ, ಇನ್ನೂ ಇಳಿದರೆ ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬರತೊಡಗುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಅನುಮಾನಾಸ್ಪದ ವರ್ತನೆಯ ಪಟ್ಟಿಯಲ್ಲಿ ಸೇರಬಲ್ಲ ಲಕ್ಷಣವೇ. ಬೆಳಗಿನ ಜಾವ ಮನೆ ಬಿಟ್ಟು, ಇನ್ಸುಲಿನ್ ಹಾಕಿಕೊಂಡು, ತಿಂಡಿಯನ್ನು ಒಳಗೆ ಹೋದಮೇಲೆ ತಿಂದರಾಯಿತೆಂದು ಮುಂದೂಡಿದವರಿಗೆ ಇದರ ಅಪಾಯ ಹೆಚ್ಚು. ತಕ್ಷಣಕ್ಕೆ ಬೇಕಾದ್ದು 15 ಗ್ರಾಮಿನಷ್ಟು ಸಕ್ಕರೆ. ಅದಕ್ಕಾಗಿ ಗ್ಲೂಕೋಸ್ ಪುಡಿಯ ಡಬ್ಬಿ ಒಯ್ಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ, ಆದರೆ ಅಮೆರಿಕಕ್ಕೆ ಹಾರುವ ವಿಮಾನಗಳಲ್ಲಿ ಸುಮಾರು 350 ಮಿಲಿಲೀಟರಿಗಿಂತ ಹೆಚ್ಚು ಪುಡಿಯಿದ್ದರೆ ಪ್ರತ್ಯೇಕ ತಪಾಸಣೆ 2018ರಿಂದ ಕಡ್ಡಾಯ. ಗ್ಲೂಕೋಸ್ ಮಾತ್ರೆ ಅಥವಾ ಸಕ್ಕರೆ ಮಿಠಾಯಿ ಜೇಬಿನಲ್ಲಿದ್ದರೆ ಸಾಕು, ಮತ್ತು ಅದು ಟ್ರೇಯಲ್ಲಿ ಮುಂದೆ ಹೋಗದೆ ಕೈಯಳತೆಯಲ್ಲೇ ಇರಬೇಕು.

ಇನ್ಸುಲಿನ್ನನ್ನು ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನಲ್ಲಿ ಇಡಬಾರದೆಂಬ ಸಲಹೆಗೆ ಸಾಮಾನ್ಯವಾಗಿ ಕೊಡುವ ಕಾರಣ ಚಳಿ. ಹೆಪ್ಪುಗಟ್ಟಿದ ಇನ್ಸುಲಿನ್ನಿನ ಅಣುಗಳು ಗುಂಪುಗೂಡಿ ಮತ್ತೆ ಬಿಡಿಸಿಕೊಳ್ಳದ ಕಾರಣ ಅದು ಕೆಲಸಕ್ಕೆ ಬಾರದಾಗುತ್ತದೆ, ಇದು ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಲಗೇಜು ಬೇರೆ ಊರು ಸೇರಿಬಿಡುವ ಸಾಧ್ಯತೆ. ಬಿಸಿಯ ಭಯವನ್ನು ಕೊಂಚ ಉತ್ಪ್ರೇಕ್ಷಿಸಲಾಗುತ್ತದೆ; ಬಳಕೆಯಲ್ಲಿರುವ ಸೀಸೆ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರಬಲ್ಲದೆಂಬುದು ತಯಾರಕರ ಲೆಕ್ಕ. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ ಮನೆಗಳ ಉಷ್ಣತೆಯನ್ನು ಅಳೆದು, 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಅದೇ ಪರಿಸ್ಥಿತಿಯನ್ನು ಪ್ರಯೋಗಾಲಯದಲ್ಲಿ ನಿರ್ಮಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವಾರದ ನಂತರವೂ ಇನ್ಸುಲಿನ್ನಿನ ಶಕ್ತಿ ಕುಗ್ಗಿದ್ದು ಶೇ 1ಕ್ಕಿಂತ ಹೆಚ್ಚಲ್ಲ. ಮಂಗಳೂರಿನಿಂದ ದುಬೈಗೆ ಮೂರೂವರೆ ತಾಸು ಹಾರುವವರು ಐಸ್ ತುಂಡುಗಳ ಮಧ್ಯೆ ಇನ್ಸುಲಿನ್ನನ್ನು ಹುದುಗಿಸಿ ಒಯ್ಯುವುದು ಅನಗತ್ಯ ಮಾತ್ರವಲ್ಲ, ಹೆಪ್ಪುಗಟ್ಟುವ ಅಪಾಯವಿರುವುದು ಅಲ್ಲಿಯೇ. ನೀರಿನಲ್ಲಿ ನೆನೆಸಿ ಬಳಸುವ ಬಟ್ಟೆಚೀಲಗಳು ಮಣ್ಣಿನ ಮಡಕೆಯಂತೆ ಆವಿಯಾಗುವಿಕೆಯಿಂದಲೇ ತಂಪಾಗಿರುವುದರಿಂದ ತಪಾಸಣೆಯಲ್ಲಿ ಜೆಲ್ ಚೀಲದ ತಕರಾರೂ ತಪ್ಪುತ್ತದೆ.

ಸಿರಿಂಜುಗಳನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬಾರದೆಂಬುದಕ್ಕೆ ಭಾರತೀಯರಿಗೆ ವಿಶೇಷ ಕಾರಣವಿದೆ. ಇಲ್ಲಿನ ಇನ್ಸುಲಿನ್ ಸೀಸೆಗಳಲ್ಲಿ ಇಂದಿಗೂ ಹೆಚ್ಚಿನವು ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುವಂಥವು, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜು. ಅಮೆರಿಕ, ಯುರೋಪುಗಳಲ್ಲಿ ಸಿಗುವುದು 100 ಯೂನಿಟ್ಟಿನದು, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಊರಿನಿಂದ ತಂದ ಕೆಂಪು ಸಿರಿಂಜಿನಲ್ಲಿ ಅಲ್ಲಿ ಕೊಂಡ ಇನ್ಸುಲಿನ್ನನ್ನು 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್, ಅಂದರೆ ಎರಡೂವರೆ ಪಟ್ಟು. ಇಲ್ಲಿಯ ಇನ್ಸುಲಿನ್ನನ್ನು ಅಲ್ಲಿಯ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ಹೋಗುವುದು ಬರೀ 8. ವೈದ್ಯರ ಚೀಟಿಯಲ್ಲಿ ಬ್ರಾಂಡಿನ ಜೊತೆ ಔಷಧದ ಮೂಲ ಹೆಸರು ಮತ್ತು ಈ ಸಾಂದ್ರತೆ ಎರಡನ್ನೂ ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಂಡರೆ ಅದು ತಪಾಸಕರಿಗಿಂತ ಹೆಚ್ಚಾಗಿ ಪರದೇಶದ ಔಷಧ ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ತಪಾಸಣೆ ದಾಟಿ ಆಸನದಲ್ಲಿ ಕೂತ ಮೇಲೆ ಪಂಪಿಗೆ ಎದುರಾಗುವ ತೊಂದರೆಯೊಂದನ್ನು ಯಾವ ಸ್ಕ್ಯಾನರೂ ಉಂಟುಮಾಡುವುದಿಲ್ಲ, ಆದರೆ ಅದರ ಬಗ್ಗೆ ಅಳೆದು ನೋಡಿದ ಪುರಾವೆ ಇದೆ. ವಿಮಾನದೊಳಗಿನ ಗಾಳಿಯ ಒತ್ತಡವನ್ನು ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕಿಂತ ಕೆಳಗಿಳಿಯದಂತೆ ಕಾಯ್ದುಕೊಳ್ಳುತ್ತಾರೆ. ಸಮುದ್ರಮಟ್ಟದಲ್ಲಿ 101 ಕಿಲೋಪ್ಯಾಸ್ಕಲ್ ಇರುವುದು ಆ ಎತ್ತರದಲ್ಲಿ 75ರಷ್ಟಾಗುತ್ತದೆ. ಒತ್ತಡ ಇಳಿದಾಗ ಇನ್ಸುಲಿನ್ನಿನಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಮೊದಲೇ ಇದ್ದ ಗುಳ್ಳೆಗಳು ಹಿಗ್ಗುತ್ತವೆ, ಇವೆರಡೂ ಸೇರಿ ನಳಿಕೆಯ ಮೂಲಕ ಇನ್ಸುಲಿನ್ನನ್ನು ದೂಡುತ್ತವೆ. ಆಸ್ಟ್ರೇಲಿಯಾದ ಸಂಶೋಧಕರು ಪಂಪುಗಳನ್ನು ವಾಣಿಜ್ಯ ವಿಮಾನಗಳಲ್ಲೇ ಒಯ್ದು ಅಳೆದು 2011ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, 3 ಮಿಲಿಲೀಟರಿನ ತುಂಬು ಕೊಳವೆಯಿಂದ ಮೇಲೇರುವಾಗ 1ರಿಂದ 1.4 ಯೂನಿಟ್ ಹೆಚ್ಚುವರಿಯಾಗಿ ದೇಹ ಸೇರುತ್ತದೆ, ಇಳಿಯುವಾಗ ಅದಕ್ಕೆ ವಿರುದ್ಧವಾಗಿ ಕೊಂಚ ಕಡಿಮೆಯಾಗುತ್ತದೆ. ದೊಡ್ಡವರಿಗೆ ಇದು ಗಮನಕ್ಕೆ ಬಾರದಿರಬಹುದು, ಒಂದು ಯೂನಿಟ್ಟಿಗೇ ಸಕ್ಕರೆ ಬಹಳ ಇಳಿಯುವ ಚಿಕ್ಕ ಮಗುವಿಗೆ ಹಾಗಲ್ಲ. ಸಮುದ್ರಮಟ್ಟಕ್ಕೆ ಹತ್ತಿರವಿರುವ ಮಂಗಳೂರಿನಿಂದ ಹೊರಟಾಗ, ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ನಿಲ್ದಾಣದಿಂದ ಹೊರಟಾಗಿನದಕ್ಕಿಂತ ಒತ್ತಡದ ಅಂತರ ಹೆಚ್ಚಾದ್ದರಿಂದ ಗುಳ್ಳೆಗಳು ಹಿಗ್ಗುವುದೂ ಹೆಚ್ಚು.

ಅಳತೆ ಕೈಗೆ ಸಿಕ್ಕಿದ್ದರಿಂದ ಈ ಸಂಶೋಧಕರ ಸಲಹೆಯೂ ಸ್ಕ್ಯಾನರಿನ ಸೂಚನೆಗಳಂತೆ ಬರೀ ಬೇಡವೆನ್ನುವುದಿಲ್ಲ. ಕೊಳವೆಯಲ್ಲಿ 1.5 ಮಿಲಿಲೀಟರಿಗಿಂತ ಹೆಚ್ಚು ಇನ್ಸುಲಿನ್ ತುಂಬಬಾರದು, ವಿಮಾನ ಏರುವ ಮೊದಲು ಪಂಪನ್ನು ಮೈಯಿಂದ ಬಿಡಿಸಬೇಕು, ನಿಗದಿತ ಎತ್ತರ ತಲುಪಿದ ಮೇಲೆ ಗುಳ್ಳೆಗಳನ್ನು ಹೊರಹಾಕಿ ಮತ್ತೆ ಜೋಡಿಸಬೇಕು, ಇಳಿದ ಮೇಲೆ ಇನ್ನೊಮ್ಮೆ ಬಿಡಿಸಿ ನಳಿಕೆಯಲ್ಲಿ 2 ಯೂನಿಟ್ ಹರಿಸಿ ಸಿಕ್ಕಿಸಿಕೊಳ್ಳಬೇಕು ಎಂಬಷ್ಟು ನಿಖರವಾಗಿದೆ ಅದು. ಮೈಗೇ ಅಂಟಿಕೊಂಡಿರುವ, ನಳಿಕೆಯಿಲ್ಲದ ಪಂಪನ್ನು ಹೀಗೆ ನಡುವೆ ಬಿಡಿಸಿ ಜೋಡಿಸಲಾಗದಾದ್ದರಿಂದ, ಅಂಥದನ್ನು ಧರಿಸಿದವರು, ಮಕ್ಕಳಾದರೆ ಅವರ ಪೋಷಕರು, ವಿಮಾನ ಮೇಲೇರಿದ ಮೊದಲ ಒಂದೆರಡು ತಾಸು ಸಕ್ಕರೆಯ ಮಟ್ಟವನ್ನು ಎಂದಿಗಿಂತ ಹೆಚ್ಚು ಸಲ ನೋಡುತ್ತಿರಬೇಕಾಗುತ್ತದೆ.